ಗಾಯ ಮಾಯಿತು, ಭಯ ಮಾಯಲಿಲ್ಲವೇ? ತರಬೇತಾದವರ ಬಳಿಗೇ ಹೋಗಿ

ಬೆಳಗ್ಗೆ ಆರು ಗಂಟೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದ ಗೃಹಿಣಿಯ ಎದುರು ಒಂದು ಬೈಕ್ ಬಂದು ನಿಂತಿತು. ವಿಳಾಸ ಕೇಳುವ ನೆಪ. ಮರುಕ್ಷಣವೇ ಕುತ್ತಿಗೆಗೆ ಚಾಕು. ಮಾಂಗಲ್ಯದ ಸರ ಎಳೆದ ರಭಸಕ್ಕೆ ಆಕೆ ರಸ್ತೆಗೆ ಬಿದ್ದರು.

ಕುತ್ತಿಗೆಯ ಗಾಯ ಹದಿನೈದು ದಿನದಲ್ಲಿ ಮಾಯಿತು. "ಸರ ಹೋದ್ರೆ ಹೋಯ್ತು, ಜೀವ ಉಳೀತಲ್ಲ, ಮರೆತುಬಿಡು" ಅಂದರು ಎಲ್ಲರೂ. ಆದರೆ ಮೂರು ತಿಂಗಳಾದರೂ ಆ ಮನೆಯ ಮುಂದೆ ರಂಗೋಲಿ ಇಲ್ಲ. ಬೈಕ್ ಸದ್ದು ಕೇಳಿದರೆ ಎದೆ ಢವಢವ. ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಏಳುವುದು, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುವುದು. "ನಾನ್ಯಾಕೆ ಗೇಟಿನ ಆಚೆ ಹೋದೆ, ತಪ್ಪು ನಂದೇ" ಎಂಬ ಕೊರಗು ಬೇರೆ. ಇಂಥ ಗೃಹಿಣಿ ನಗರದ ಯಾವ ಬಡಾವಣೆಯಲ್ಲಾದರೂ ಸಿಕ್ಕಾರು. ನಿಮ್ಮ ಪಕ್ಕದ ಮನೆಯವರಿರಬಹುದು, ನಿಮ್ಮ ನಾದಿನಿ ಇರಬಹುದು, ನೀವೇ ಇರಬಹುದು.

ಇದು ಪುಕ್ಕಲುತನ ಅಲ್ಲ

ಇದಕ್ಕೊಂದು ಹೆಸರಿದೆ. ಆಘಾತೋತ್ತರ ಒತ್ತಡದ ಕಾಯಿಲೆ, ವೈದ್ಯರ ಬಾಯಲ್ಲಿ ಪಿಟಿಎಸ್‌ಡಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಹೆಸರು ಸೇರಿತು. ಹಾಗಂತ ಇದು ಸೈನಿಕರಿಗಷ್ಟೇ ಬರುವುದಲ್ಲ. ಅಪಘಾತ, ಬೆಂಕಿ, ಪ್ರವಾಹ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ ಬಡಿತ... ಯಾವುದರಿಂದಲೂ ಬರಬಹುದು. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಆಘಾತವಾದ ಮೊದಲ ವಾರಗಳಲ್ಲಿ ಭಯ, ನಿದ್ದೆಗೇಡು ಸಹಜ. ಬಹಳಷ್ಟು ಜನ ಮನೆಯವರ ಆಸರೆಯಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಘಟನೆ ಕಣ್ಣಿಗೆ ಕಟ್ಟಿದಂತೆ ಮರುಕಳಿಸುವುದು, ಅದನ್ನು ನೆನಪಿಸುವ ಜಾಗದಿಂದ ದೂರ ಓಡುವುದು, ಮನಸ್ಸು ಮಂಕಾಗಿ ತನ್ನನ್ನೇ ದೂಷಿಸಿಕೊಳ್ಳುವುದು, ಸದಾ ಬೆಚ್ಚುತ್ತಾ ಮೈಯೆಲ್ಲ ಕಿವಿಯಾಗಿರುವುದು, ಈ ನಾಲ್ಕೂ ಬಗೆಯ ತೊಂದರೆ ಒಂದು ತಿಂಗಳು ದಾಟಿಯೂ ಉಳಿದು ದಿನದ ಬದುಕಿಗೆ ಅಡ್ಡಿಯಾದರೆ ತಡ ಮಾಡಬೇಡಿ.

ಬೋರ್ಡ್ ಇದ್ದರೆ ಸಾಕೇ?

ಯಾರ ಬಳಿ ಹೋಗಬೇಕು? "ಕೌನ್ಸೆಲಿಂಗ್" ಎಂಬ ಬೋರ್ಡ್ ಈಗ ಬೀದಿಗೊಂದು. ಒಳ್ಳೆಯ ಮಾತಾಡುವವರೆಲ್ಲ ಈ ಕಾಯಿಲೆಗೆ ಚಿಕಿತ್ಸೆ ಕೊಡಬಲ್ಲವರಲ್ಲ. ಇದಕ್ಕೆ ಪ್ರತ್ಯೇಕ ತರಬೇತಿಯೇ ಬೇಕು. 1984ರ ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ವೈದ್ಯರಿಗೆ ಮನಸ್ಸಿನ ತೊಂದರೆ ಗುರುತಿಸುವ ಪಾಠ ಹೇಳಲು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಹೋಗಿದ್ದರು. 2004ರ ಸುನಾಮಿಯ ನಂತರವೂ ಸಮುದಾಯದ ಕಾರ್ಯಕರ್ತರನ್ನು ಅವರು ತಯಾರು ಮಾಡಿದರು.

ತರಬೇತಿಯ ಮೊದಲ ಪಾಠ ಕೇಳುವುದು. ನಮ್ಮಲ್ಲಿ ಯಾರೂ "ನನಗೆ ಆಘಾತದ ನೆನಪು ಮರುಕಳಿಸುತ್ತಿದೆ" ಅನ್ನುವುದಿಲ್ಲ. "ತಲೆ ಜುಮ್ ಅನ್ನತ್ತೆ, ಕೈಕಾಲು ತಣ್ಣಗಾಗತ್ತೆ, ಹೆದರಿಕೆ ಹೊಕ್ಕಿದೆ" ಅನ್ನುತ್ತೇವೆ. ಆ ಮಾತಿನ ಹಿಂದೆ ಏನಿದೆ ಎಂದು ಹುಡುಕಲು ಬರಬೇಕು. ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿಯಿದೆ. ಕಳೆದ ಒಂದು ತಿಂಗಳಲ್ಲಿ ಯಾವ ತೊಂದರೆ ಎಷ್ಟು ಕಾಡಿತು ಎಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾ ಹೋಗಬೇಕು. ಆದರೆ ಅಂಕ ನೋಡಿ ಕಾಯಿಲೆಗೆ ಹೆಸರಿಡುವಂತಿಲ್ಲ. ವಿವರವಾಗಿ ಮಾತಾಡಿ, ಇದು ಖಿನ್ನತೆಯೋ, ಥೈರಾಯ್ಡ್‌ನಿಂದ ಬಂದ ಎದೆಬಡಿತವೋ, ನಿಜಕ್ಕೂ ಆಘಾತದ್ದೋ ಎಂದು ಬೇರ್ಪಡಿಸಬೇಕು.

ಇನ್ನೊಂದು ಪಾಠ ಬಹಳ ಮುಖ್ಯ. ಗಂಡನ ಎದುರು ಹೆಂಡತಿಯನ್ನು "ಮನೇಲಿ ಎಲ್ಲಾ ಸರಿ ಇದೆಯಾ?" ಎಂದು ಕೇಳಬಾರದು. ಹೊಡೆಯುವವನೇ ಪಕ್ಕದಲ್ಲಿ ಕೂತಿದ್ದರೆ ಆಕೆ ನಿಜ ಹೇಳುವುದಾದರೂ ಹೇಗೆ? ಬೇರೆಯಾಗಿ ಕೂರಿಸಿ ಕೇಳಬೇಕು. ಅಪಾಯ ಇನ್ನೂ ಮನೆಯಲ್ಲೇ ಇದ್ದರೆ ಮೊದಲು ಆಕೆಯ ರಕ್ಷಣೆ, ಆಮೇಲೆ ಮಿಕ್ಕಿದ್ದು.

ಚಿಕಿತ್ಸೆ ಹೇಗಿರುತ್ತದೆ?

ಮರೆಯಲು ಹೊರಟಷ್ಟೂ ಭಯ ಬಲಿಯುತ್ತದೆ, ಇದೇ ಇದರ ಗುಟ್ಟು. ಗೇಟಿನ ಬಳಿ ಹೋಗದಿದ್ದರೆ ಆ ಹೊತ್ತಿಗೆ ಸಮಾಧಾನ. ಆದರೆ "ಗೇಟು ಅಂದರೆ ಸಾವು" ಎಂಬ ಪಾಠ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಈ ಪಾಠವನ್ನು ಅಳಿಸುವುದೇ ಚಿಕಿತ್ಸೆ.

ರಂಗೋಲಿ ಬಿಟ್ಟ ನಮ್ಮ ಗೃಹಿಣಿಯನ್ನೇ ತೆಗೆದುಕೊಳ್ಳಿ. ಮೊದಲ ವಾರ ಕಿಟಕಿಯಿಂದ ಗೇಟು ನೋಡುವುದು. ಆಮೇಲೆ ಹಗಲಲ್ಲಿ ಯಜಮಾನರ ಜೊತೆ ಗೇಟಿನ ಬಳಿ ನಿಲ್ಲುವುದು. ನಂತರ ಚಿಕ್ಕದೊಂದು ಚುಕ್ಕಿ ರಂಗೋಲಿ. ಕೊನೆಗೆ ಬೆಳಗಿನ ಹೊತ್ತು ಒಬ್ಬರೇ. ಜೊತೆಜೊತೆಗೆ ಅಂದಿನ ಘಟನೆಯನ್ನು ಥೆರಪಿಸ್ಟ್ ಎದುರು ಕಣ್ಣು ಮುಚ್ಚಿ ಮತ್ತೆ ಮತ್ತೆ ಹೇಳುವುದು. ಕೇಳಲು ಕ್ರೂರ ಅನ್ನಿಸುತ್ತದೆ, ಅಲ್ಲವೇ? ಆದರೆ ಹೇಳುತ್ತಾ ಹೇಳುತ್ತಾ ನೆನಪಿನ ಮೊನೆ ಮೊಂಡಾಗುತ್ತದೆ. ಅದು ಮುಗಿದುಹೋದದ್ದು ಎಂದು ಮನಸ್ಸಿಗೆ ಮನವರಿಕೆಯಾಗುತ್ತದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹದಿನೈದು ಭೇಟಿ ಬೇಕಾಗುತ್ತದೆ.

ಎಷ್ಟು ಮುಂದೆ ಹೋಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಹದ ಪುಸ್ತಕ ಓದಿದ ಮಾತ್ರಕ್ಕೆ ಬರುವುದಿಲ್ಲ. ಅದಕ್ಕೇ ಕಲಿಯುವವರು ಮೊದಲು ಒಬ್ಬರಿಗೊಬ್ಬರು ರೋಗಿಗಳಂತೆ ಕೂತು ಅಭ್ಯಾಸ ಮಾಡುತ್ತಾರೆ. ಆಮೇಲೆ ಹಿರಿಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಕೊಟ್ಟು, ತಪ್ಪು ತಿದ್ದಿಸಿಕೊಳ್ಳುತ್ತಾರೆ. ಒಂದೇ ದಿನದಲ್ಲಿ ಎಲ್ಲಾ ಬಾಯಿ ಬಿಡಿಸಿ ಕಳಿಸುವುದು ಚಿಕಿತ್ಸೆಯಲ್ಲ. ಬರೀ ನಿದ್ದೆ ಮಾತ್ರೆಯೂ ಇದಕ್ಕೆ ಮದ್ದಲ್ಲ.

ಹೋಗುವ ಮುನ್ನ ಹೀಗೆ ಕೇಳಿ

* ನಿಮ್ಮ ಓದು ಏನು? ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರಾದರೆ ಅಧಿಕೃತ ನೋಂದಣಿ ಇದೆಯೇ? ಕೇಳಲು ಸಂಕೋಚ ಬೇಡ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುವುದಿಲ್ಲವೇ?
* ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದಿದ್ದೀರಾ? ಯಾರ ಬಳಿ?
* ಎಷ್ಟು ಭೇಟಿ, ಎಷ್ಟು ಶುಲ್ಕ? ಗುಣವಾಗುತ್ತಿದೆ ಎಂದು ಹೇಗೆ ಅಳೆಯುತ್ತೀರಿ?
* ನಾನು ಹೇಳಿದ್ದು ಗುಟ್ಟಾಗಿ ಉಳಿಯುವುದೇ?

ಮನೆಯವರಿಗೊಂದು ಮಾತು

"ಇನ್ನೂ ಅದೇ ರಾಗನಾ?" ಅನ್ನಬೇಡಿ. ಹಾಗೇ ಬಲವಂತವಾಗಿ ಬಾಯಿ ಬಿಡಿಸಲೂ ಬೇಡಿ. ತಾವಾಗಿ ಹೇಳಿದರೆ ಕೇಳಿ, ಹೇಳದಿದ್ದರೆ ಪಕ್ಕದಲ್ಲಿ ಕೂತಿರಿ. ಅತ್ತೆಯವರು ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಯಲಿ ಬಿಡಿ, ಆದರೆ ಅದರ ನೆಪದಲ್ಲಿ ಚಿಕಿತ್ಸೆ ಮುಂದೂಡಬೇಡಿ.

ಎಲ್ಲಿ ಶುರು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಉಂಟು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೇ ಹಿಂಸೆಯಿದ್ದರೆ ಮಹಿಳಾ ಸಹಾಯವಾಣಿ 181. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ನಾಳೆಗೆ ಕಾಯದೆ ಇವತ್ತೇ ಕರೆ ಮಾಡಿ.

ಕಾಲು ಮುರಿದರೆ ಮೂಳೆ ಡಾಕ್ಟರ ಬಳಿ ಹೋಗುತ್ತೇವೆ, ನಾಚಿಕೆಯೇನೂ ಪಡುವುದಿಲ್ಲ. ಮನಸ್ಸಿಗೂ ಅಷ್ಟೇ. ನಿಮ್ಮ ಬಾಗಿಲಿನ ರಂಗೋಲಿ ನಿಂತುಹೋಗಿದ್ದರೆ, ಅದನ್ನು ಮತ್ತೆ ಹಾಕುವ ದಾರಿಯಿದೆ.