ಶಾಲೆಯ ಪಂಕ್ತಿಯಲ್ಲಿ ಗುರುವಿನ ಸ್ಥಾನ

ಗಂಟೆ ಬಾರಿಸಿದೊಡನೆ ಗುರುವಿನ ಕಾರ್ಯವು ಮುಗಿಯಿತೆಂದು ಹಲವರು ಭಾವಿಸುವುದುಂಟು. ಆದರೆ ಊಟದ ಹೊತ್ತಿನಲ್ಲಿಯೂ ಮಕ್ಕಳು ಬಹಳ ಕಲಿಯುವರೆಂಬುದು ನಮ್ಮ ಅನುಭವ. ಆ ಪಂಕ್ತಿಯಲ್ಲಿ ಗುರುವಿನ ಸ್ಥಾನವಾವುದೆಂಬುದನ್ನು ಗೃಹಸ್ಥರಾದ ವಾಚಕರ ಮುಂದಿಡುವೆವು.

ಜಪಾನ ದೇಶದಲ್ಲಿ ಶಾಲೆಯ ಊಟವು 1889 ರಲ್ಲಿ ತ್ಸುರುಓಕಾ ಎಂಬ ಊರಿನ ಬೌದ್ಧ ದೇವಾಲಯದೊಳಗಣ ಶಾಲೆಯೊಂದರಲ್ಲಿ ಬಡಮಕ್ಕಳಿಗಾಗಿ ಮೊದಲಾಯಿತು. 1954 ರಲ್ಲಿ ಅದಕ್ಕೆ ಕಾಯದೆಯ ಬಲ ದೊರೆಯಿತು. ಅಲ್ಲಿ ಬಿಳಿಯ ಟೊಪ್ಪಿಗೆ ತೊಟ್ಟ ಮಕ್ಕಳೇ ಸರತಿಯಂತೆ ಬಡಿಸುವರು. ಮುಖ್ಯಾಧ್ಯಾಪಕರು ಮೊದಲೇ ಉಂಡು ಪರೀಕ್ಷಿಸುವರು. ವರ್ಗದ ಗುರುಗಳು ತಮ್ಮ ಪಾಲಿನ ಹಣ ಕೊಟ್ಟು, ಮಕ್ಕಳು ಉಣ್ಣುವುದನ್ನೇ ಅವರ ನಡುವೆ ಕುಳಿತು ಉಣ್ಣುವರು. ಆ ಹೊತ್ತು ಅವರಿಗೆ ವಿಶ್ರಾಂತಿಯಲ್ಲ. ಅದೂ ಒಂದು ಪಾಠವೇ.

ನಮ್ಮಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001 ನೆಯ ನವೆಂಬರ 28 ರಂದು ಆಜ್ಞಾಪಿಸಿತು. 2002 ರಲ್ಲಿ ‘ಅಕ್ಷರ ದಾಸೋಹ’ವು ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ರಾಜ್ಯದ ಉಳಿದೆಡೆಗೂ ಹಬ್ಬಿತು. ಐದನೆಯ ಇಯತ್ತೆಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಯೆಯೆಂದು ಪ್ರಮಾಣವುಂಟು. ಬಡಿಸುವ ಮುನ್ನ ಒಬ್ಬ ಶಿಕ್ಷಕನಾದರೂ ರುಚಿ ನೋಡತಕ್ಕದ್ದೆಂದೂ ನಿಯಮವಿದೆ. ಇದು ಬರಿಯ ಉಪಚಾರವಲ್ಲ. 2013 ನೆಯ ಜುಲೈ 16 ರಂದು ಬಿಹಾರದ ಗಂಡಾಮನ ಗ್ರಾಮದಲ್ಲಿ ಕೀಟನಾಶಕ ಬೆರೆತ ಶಾಲೆಯೂಟದಿಂದ 23 ಮಕ್ಕಳು ಮೃತರಾದುದನ್ನು ಯಾರು ಮರೆಯಬಲ್ಲರು?

ಆದರೂ ಒಂದು ಚಮಚೆಯ ರುಚಿ ಬೇರೆ, ಒಂದು ತಾಟಿನ ಊಟ ಬೇರೆ. ಜಮಖಂಡಿ ತಾಲೂಕಿನ ನಮ್ಮ ಸಾವಳಗಿಯ ಸೀಮೆಯು ಜೋಳದ ಸೀಮೆ. ರೊಟ್ಟಿ, ಶೇಂಗಾ ಚಟ್ನಿಗಳಿಂದ ಬೆಳೆದ ಮಗುವಿಗೆ ಶಾಲೆಯಲ್ಲಿ ದೊರೆಯುವುದು ಹೆಚ್ಚಾಗಿ ಅನ್ನ ಸಾರು. ಯಾವ ಮಗು ಬೇಳೆಯನ್ನು ಬದಿಗೊತ್ತುವುದು, ತಾಯಿ ನಸುಕಿನಲ್ಲಿಯೇ ಕಬ್ಬಿನ ಹೊಲಕ್ಕೆ ಹೋದುದರಿಂದ ಯಾವುದು ಬರಿಹೊಟ್ಟೆಯಿಂದ ಬಂದಿರುವುದು, ಎಂಬುದನ್ನು ಹಾಜರಿ ಪುಸ್ತಕವು ತಿಳಿಸದು. ಪಕ್ಕದಲ್ಲಿ ಕುಳಿತು ಉಂಡವನೇ ಬಲ್ಲನು. ಲೆಕ್ಕ ತಪ್ಪಿದ ಹುಡುಗನನ್ನು ಗದರುವ ಮುನ್ನ ಅವನು ಉಂಡಿರುವನೇ ಎಂದು ವಿಚಾರಿಸುವ ರೂಢಿ ನಮಗೆ ಬಂದುದು ಆ ಪಂಕ್ತಿಯಿಂದಲೇ.

ಇನ್ನೊಂದು ಮಾತು. ಒಂದೇ ಸಾಲಿನಲ್ಲಿ ಕುಳಿತವರಿಗೆ ಭೇದ ಮಾಡಿ ಬಡಿಸುವುದನ್ನು ನಮ್ಮ ಧರ್ಮಶಾಸ್ತ್ರವು ಪಂಕ್ತಿಭೇದವೆಂಬ ದೋಷವಾಗಿ ಎಣಿಸಿದೆ. ಆದರೆ ಜಾತಿಗೊಂದು ಪಂಕ್ತಿಯನ್ನು ಹಾಕಿದವರೂ ನಾವೇ ಅಲ್ಲವೇ? ಅಡಿಗೆಯವಳ ಜಾತಿಯನ್ನು ಕೇಳಿ ಮಕ್ಕಳನ್ನು ಊಟದಿಂದ ತಡೆಯುವ ಪಾಲಕರು ಇಂದಿಗೂ ಅಲ್ಲಲ್ಲಿ ಇರುವರು. ಅಂಥಲ್ಲಿ ಗುರುವಿನ ಹತ್ತು ಉಪದೇಶಗಳಿಗಿಂತ, ಅವಳು ಬಡಿಸಿದ ಮೊದಲ ತುತ್ತನ್ನು ಎಲ್ಲರೆದುರು ಅವನು ಉಣ್ಣುವುದೇ ಹೆಚ್ಚಿನದು. ದಾಸೋಹವೆಂಬ ಶರಣರ ಶಬ್ದವನ್ನು ಹೊತ್ತ ಊಟದಲ್ಲಿ ಇಷ್ಟೂ ನಡೆಯದಿದ್ದರೆ ಆ ಹೆಸರಾದರೂ ಏತಕ್ಕೆ?

ವಾಚಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮೂರಿನ ಶಾಲೆಗೆ ತಿಂಗಳಿಗೊಮ್ಮೆಯಾದರೂ ಮಧ್ಯಾಹ್ನದಲ್ಲಿ ಹೋಗಿರಿ. ಗುರುಗಳ ಅನುಮತಿ ಪಡೆದು, ಒಲೆಯ ಮುಂದೆ ಬೆವರುವ ತಾಯಂದಿರಿಗೆ ಎರಡು ಒಳ್ಳೆಯ ಮಾತನಾಡಿ, ಮಕ್ಕಳ ಸಾಲಿನಲ್ಲಿ ಕುಳಿತುಕೊಳ್ಳಿರಿ. ಅನ್ನ ಬೆಂದಿದೆಯೋ ಇಲ್ಲವೋ ಎಂಬುದು ನಿಮಗೂ ತಿಳಿಯುವುದು. ಊರ ಹಿರಿಯರು ತಮ್ಮನ್ನು ಮರೆತಿಲ್ಲವೆಂಬುದು ಮಕ್ಕಳಿಗೂ ತಿಳಿಯುವುದು.