ಹದಿಹರೆಯದ ಗುಟ್ಟು: ಮೊದಲು ಕೇಳುವವರು ಯಾರು?

ಕೆಲವು ತಿಂಗಳ ಹಿಂದೆ ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ತಾಯಿಯೊಬ್ಬರು ಹದಿನಾರು ವರ್ಷದ ಮಗನನ್ನು ಕರೆತಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಹುಡುಗನಿಗೆ ತಲೆನೋವು, ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಪರೀಕ್ಷೆ ಮಾಡಿದರೆ ಕಣ್ಣು, ರಕ್ತ, ರಕ್ತದೊತ್ತಡ ಎಲ್ಲವೂ ಸರಿಯಾಗಿವೆ. ಮಗನನ್ನು ಹೊರಗೆ ಕೂರಿಸಿ ತಾಯಿ ತಗ್ಗಿದ ದನಿಯಲ್ಲಿ ಹೇಳಿದರು: "ಸ್ಕೂಲಲ್ಲಿ ಎಲ್ಲಾರೂ ಹೆಣ್ಣಿಗ ಅಂತ ಆಡ್ಕೋತಾರೆ ಸಾ. ಒಂದು ಸೂಜಿನೋ ಮಾತ್ರೆನೋ ಕೊಟ್ಬುಡಿ, ಸರಿಹೋಗ್ಲಿ."

ಅನಂತರ ಹುಡುಗನೊಬ್ಬನನ್ನೇ ಕರೆದು ಮಾತನಾಡಿಸಿದೆ. ತನಗೆ ಹುಡುಗಿಯರ ಮೇಲಲ್ಲ, ಹುಡುಗರ ಮೇಲೆ ಮನಸ್ಸು ಹೋಗುತ್ತದೆ ಎಂದು ಹೇಳಲು ಅವನಿಗೆ ಅರ್ಧ ಗಂಟೆ ಬೇಕಾಯಿತು. ಆದರೆ ಈ ಮಾತನ್ನು ಕೇಳಿದ ಮೊದಲಿಗ ನಾನಲ್ಲ. ಊರಿನಲ್ಲಿ ಅವನಿಗಿಂತ ಎರಡು ವರ್ಷ ದೊಡ್ಡ ಗೆಳೆಯನೊಬ್ಬ ಆಗಲೇ ಕೇಳಿದ್ದ, ನಗಲಿಲ್ಲ, ಯಾರಿಗೂ ಹೇಳಲಿಲ್ಲ. ನಿದ್ದೆಗೆಟ್ಟು ಸೊರಗುತ್ತಿದ್ದವನನ್ನು ಆಸ್ಪತ್ರೆಗೆ ಹೊರಡಿಸಿದವನೂ ಅವನೇ. ತಂದೆ, ತಾಯಿ, ಮೇಷ್ಟರು, ವೈದ್ಯ ಎಲ್ಲರಿಗಿಂತ ಮೊದಲು ಆ ಮಗುವಿನ ನೆರವಿಗೆ ಬಂದವನು ಓರಗೆಯ ಒಬ್ಬ ಹುಡುಗ!

ಇದು ಆಕಸ್ಮಿಕವಲ್ಲ. ಹದಿಹರೆಯದವರು ತಮ್ಮ ಗುಟ್ಟನ್ನು ಹೇಳಿಕೊಳ್ಳುವುದು ಸಾಮಾನ್ಯವಾಗಿ ಓರಗೆಯವರ ಮುಂದೆಯೇ.

ಸರ್ಕಾರದ ಯೋಜನೆ

ಈ ಸರಳ ಸತ್ಯವನ್ನೇ ಆಧಾರವಾಗಿಟ್ಟುಕೊಂಡು ಕೇಂದ್ರ ಆರೋಗ್ಯ ಇಲಾಖೆಯು 2014ರ ಜನವರಿ 7ರಂದು ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇದು 10ರಿಂದ 19 ವರ್ಷದವರಿಗಾಗಿ. ಪೌಷ್ಟಿಕತೆ, ಲೈಂಗಿಕ ಹಾಗೂ ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಗಾಯ ಮತ್ತು ಹಿಂಸೆ, ಮಾದಕ ವ್ಯಸನ, ಸಕ್ಕರೆ ಕಾಯಿಲೆಯಂಥ ಸಾಂಕ್ರಾಮಿಕವಲ್ಲದ ರೋಗಗಳು—ಈ ಆರು ವಿಷಯಗಳು ಇದರಲ್ಲಿ ಸೇರಿವೆ.

ಯೋಜನೆಯ ಮುಖ್ಯ ಅಂಗವೇ 'ಪಿಯರ್ ಎಜುಕೇಟರ್', ಅಂದರೆ ಓರಗೆಯವರಿಗೆ ತಿಳಿವಳಿಕೆ ನೀಡುವ ಮಕ್ಕಳು. ಒಬ್ಬ ಆಶಾ ಕಾರ್ಯಕರ್ತೆಯ ವ್ಯಾಪ್ತಿಗೆ, ಎಂದರೆ ಸುಮಾರು ಸಾವಿರ ಜನಸಂಖ್ಯೆಗೆ, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಪ್ರತಿಯೊಬ್ಬರೂ 15ರಿಂದ 20 ಮಂದಿಯ ಗುಂಪು ಕಟ್ಟಿ ಆಟ, ಮಾತುಕತೆ, ಪ್ರಶ್ನೋತ್ತರ ನಡೆಸಬೇಕು. ತಮಗೆ ತಿಳಿಯದ್ದನ್ನು ಆಶಾ ಅಥವಾ ನರ್ಸಮ್ಮನನ್ನು ಕೇಳಬೇಕು. ಅಗತ್ಯವಿದ್ದವರನ್ನು ಹದಿಹರೆಯದವರ ಕ್ಲಿನಿಕ್ಕಿಗೆ ಕಳುಹಿಸಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ 'ಸ್ನೇಹ ಕ್ಲಿನಿಕ್' ಎಂದು ಹೆಸರು. ಎಲ್ಲ ಊರುಗಳಲ್ಲೂ ಇದು ಒಂದೇ ಸಮನಾಗಿ ನಡೆಯುವುದಿಲ್ಲ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಜನ ಕೇಳಿದರೆ ನಡೆಯದ ಕಡೆಯೂ ನಡೆಯಲು ಶುರುವಾಗುತ್ತದೆ.

2017ರ ಫೆಬ್ರವರಿಯಲ್ಲಿ ಈ ಮಕ್ಕಳ ಕೈಗೆ 'ಸಾಥಿಯಾ' ಎಂಬ ಕೈಪಿಡಿ, ಆಟಗಳ ಸಂಚಿಯನ್ನು ಇಲಾಖೆ ಕೊಟ್ಟಿತು. ಹುಡುಗರೂ ಅಳಬಹುದು, ಅಳುವವನು ಹೆಣ್ಣಿಗನಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ. ಹದಿಹರೆಯದಲ್ಲಿ ವಿರುದ್ಧ ಲಿಂಗದವರತ್ತ ಮನಸ್ಸು ಸೆಳೆಯುವಂತೆ ಕೆಲವರಿಗೆ ತಮ್ಮದೇ ಲಿಂಗದವರತ್ತಲೂ ಸೆಳೆಯಬಹುದು, ಎಲ್ಲಿಯೂ ಪರಸ್ಪರ ಗೌರವ ಮತ್ತು ಒಪ್ಪಿಗೆ ಇರಬೇಕು ಎಂದೂ ಇದೆ. ಸರ್ಕಾರದ ಪುಸ್ತಕವೇ ಇಷ್ಟು ಬಿಚ್ಚಿ ಹೇಳಿರುವಾಗ ಮನೆಯಲ್ಲಿ ನಾವು ಬಾಯಿ ಮುಚ್ಚಿಕೊಳ್ಳುವುದೇಕೆ?

ಇದು ಕಾಯಿಲೆಯೆ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದೇ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಹುಟ್ಟಿದ ಲಿಂಗಕ್ಕೂ ತಾನು ಗಂಡು ಅಥವಾ ಹೆಣ್ಣು ಎಂಬ ಒಳಗಿನ ಅರಿವಿಗೂ ಹೊಂದದೆ ಇರುವುದು ಬೇರೆಯೇ ವಿಷಯ. ಅದೂ ಈಗ ಮಾನಸಿಕ ಕಾಯಿಲೆಗಳ ಪಟ್ಟಿಯಲ್ಲಿಲ್ಲ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ತೃತೀಯ ಲಿಂಗಿಗಳಿಗೆ ಮಾನ್ಯತೆ ನೀಡಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. 'ಬದಲಾಯಿಸುವ' ಚಿಕಿತ್ಸೆ ನೀಡುವುದು ವೈದ್ಯ ವೃತ್ತಿಗೆ ಸಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸಾರಿದೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ಎಂ.ಬಿ.ಬಿ.ಎಸ್. ಓದುವಾಗ ಈ ವಿಷಯ ಬಂದದ್ದು ಅಪರಾಧಗಳ ಪಾಠದಲ್ಲಿ. ವೃತ್ತಿ ಆರಂಭಿಸಿದ ದಿನಗಳಲ್ಲಿ ಇಂಥದೇ ಒಬ್ಬ ಯುವಕನ ಮನೆಯವರಿಗೆ "ಮದುವೆ ಮಾಡಿ, ಸರಿಹೋಗುತ್ತಾನೆ" ಎಂದುಬಿಟ್ಟಿದ್ದೆ. ಚಾಮರಾಜನಗರದಲ್ಲಿ ಆಷಾಢದ ಚಾಮರಾಜೇಶ್ವರ ತೇರಿಗೆ ಹೊಸ ಜೋಡಿಗಳು ಹಣ್ಣು ಜವನ ಎಸೆಯಲು ಬರುವುದನ್ನು ನೋಡಿದಾಗಲೆಲ್ಲ ಆ ಮಾತು ನೆನಪಾಗುತ್ತದೆ. ಮದುವೆ ಔಷಧಿಯಲ್ಲ. ಅದರಿಂದ ಒಬ್ಬರ ಸಂಕಟ ಇಬ್ಬರದಾಗುತ್ತದೆ, ಅಷ್ಟೆ.

ಹಾಗಾದರೆ ಹುಡುಗನ ತಲೆನೋವು, ನಿದ್ರಾಹೀನತೆ ಎಲ್ಲಿಂದ ಬಂತು? ಅವನ ಸ್ವಭಾವದಿಂದಲ್ಲ, ದಿನವೂ ಕೇಳುವ ಹೀಯಾಳಿಕೆಯಿಂದ, ಗುಟ್ಟು ಹೊರಬಿದ್ದೀತೆಂಬ ಭಯದಿಂದ. ಚಿಕಿತ್ಸೆ ಬೇಕಾದದ್ದು ಆ ಭಯಕ್ಕೆ.

ಎರಡು ಹೊರೆ ಹೊತ್ತ ಮಕ್ಕಳು

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತಿದೆ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದ ಸೋಲಿಗರ ಮಕ್ಕಳು, ಬಂಡೀಪುರದ ಕಾಡಂಚಿನ ಹಾಡಿಗಳಿಂದ ಜೇನುಕುರುಬರ ಮಕ್ಕಳು ಓದಲು ಹಾಸ್ಟೆಲುಗಳಿಗೆ ಬರುತ್ತಾರೆ. ಮಾತಿನ ಧಾಟಿಗೆ, ಬಟ್ಟೆಗೆ, ಜಾತಿಗೆ ಗೇಲಿ ಮಾಡುವವರು ಅಲ್ಲಿ ಮೊದಲೇ ಇರುತ್ತಾರೆ. ಅಂಥ ಮಗುವಿಗೆ ತನ್ನ ಮನಸ್ಸೂ ಎಲ್ಲರಂತಿಲ್ಲ ಎನ್ನಿಸಿದರೆ ಅದು ಎರಡು ಹೊರೆ ಹೊತ್ತಂತೆ. ಹೇಳಿಕೊಳ್ಳಲು ಮನೆ ದೂರ, ವಾರ್ಡನ್ ಎಂದರೆ ಹೆದರಿಕೆ. ಇವರ ಗುಂಪಿಗೆ ಹೊರಗಿನಿಂದ ಬಂದವರ ಭಾಷಣಕ್ಕಿಂತ ಅದೇ ಪೋಡಿನ, ಅದೇ ಹಾಡಿನ ಹುಡುಗ ಹುಡುಗಿಯರೇ ಮುಂದಾಳಾಗುವುದು ಮೇಲು. ಮುಂದಾಳುತನ ಕೊಟ್ಟಾಗ ಮಗುವಿಗೆ ಮಾಹಿತಿಯ ಜೊತೆಗೆ ತಾನೂ ಒಬ್ಬ ಬೇಕಾದವನು ಎಂಬ ಧೈರ್ಯವೂ ಬರುತ್ತದೆ.

ಗೆಳೆಯ ವೈದ್ಯನಲ್ಲ

ಆದರೆ ಎಲ್ಲ ಭಾರವನ್ನೂ ಮಕ್ಕಳ ಹೆಗಲಿಗೆ ಹೊರಿಸಬಾರದು. ಗೆಳೆಯ ಕಿವಿಗೊಡಬೇಕು, ದಾರಿ ತೋರಿಸಬೇಕು. ಚಿಕಿತ್ಸೆ ಅವನ ಕೆಲಸವಲ್ಲ. ಗುಟ್ಟು ಕಾಯುವುದು ಅವನ ಧರ್ಮ. ಎರಡು ಸಂದರ್ಭಗಳಲ್ಲಿ ಮಾತ್ರ ನಂಬಿಕಸ್ತ ಹಿರಿಯರಿಗೆ ಕೂಡಲೇ ಹೇಳಲೇಬೇಕು: ಒಂದು, "ಸಾಯಬೇಕು" ಎಂಬ ಮಾತು ಬಂದಾಗ, ಇನ್ನೊಂದು, ಯಾರಾದರೂ ಲೈಂಗಿಕ ದೌರ್ಜನ್ಯ ನಡೆಸುತ್ತಿರುವುದು ತಿಳಿದಾಗ. 18 ವರ್ಷದೊಳಗಿನವರ ಮೇಲಿನ ದೌರ್ಜನ್ಯವನ್ನು ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಈ ಎರಡು ವಿನಾಯಿತಿಗಳನ್ನು ಗುಂಪಿನ ಎಲ್ಲ ಮಕ್ಕಳಿಗೂ ಮೊದಲೇ ತಿಳಿಸಿರಬೇಕು.

ತಂದೆತಾಯಿಗಳಿಗೆ

* ಮಗು ಹೇಳಿಕೊಂಡರೆ ಬೈಯಬೇಡಿ, ಹೊಡೆಯಬೇಡಿ, ಅಳುತ್ತಾ ಆಣೆ ಪ್ರಮಾಣ ಮಾಡಿಸಬೇಡಿ. "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು.

* ನಿಮ್ಮ ಸಾಕಣೆಯ ದೋಷವೋ, ಗೆಳೆಯರ ಸಹವಾಸವೋ, ಸಿನಿಮಾವೋ ಇದಕ್ಕೆ ಕಾರಣವೆಂದು ಕೊರಗಬೇಡಿ.

* ಅವಸರದಲ್ಲಿ ಹೆಸರಿಟ್ಟು ಹಣೆಪಟ್ಟಿ ಹಚ್ಚಬೇಡಿ. ಕೆಲವರಿಗೆ ತಮ್ಮ ಮನಸ್ಸು ತಮಗೇ ತಿಳಿಯಲು ವರ್ಷಗಳು ಬೇಕು.

* ಮಗುವಿನ ಒಪ್ಪಿಗೆಯಿಲ್ಲದೆ ನೆಂಟರಿಷ್ಟರಿಗೆ ಹೇಳಬೇಡಿ.

* ಶಾಲೆಗೆ ಹೋಗಲು ನಿರಾಕರಣೆ, ನಿದ್ದೆ ಊಟ ಕೆಡುವುದು, ಒಂಟಿಯಾಗಿ ಕೂರುವುದು, ಮೈಯನ್ನು ಗಾಯ ಮಾಡಿಕೊಳ್ಳುವುದು, ಮನೆ ಬಿಡುವ ಮಾತು—ಇವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098.

ಮೊದಲು ಹೇಳಿದ ಹುಡುಗನಿಗೆ ನಾನು ಸೂಜಿ ಚುಚ್ಚಲಿಲ್ಲ. ಅವನ ಒಪ್ಪಿಗೆ ಪಡೆದು ತಾಯಿಯನ್ನು ಒಳಗೆ ಕರೆದು, "ಅವ್ವಾ, ನಿಮ್ಮ ಮಗನಿಗೆ ರೋಗವಿಲ್ಲ, ನೋವಿದೆ" ಎಂದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಪ್ತ ಸಮಾಲೋಚನೆಗೆಂದು ನಾಲ್ಕು ಬಾರಿ ಬಂದರು. ಶಾಲೆಯಲ್ಲಿ ಹೆಡ್‌ಮಾಸ್ತರರು ಗುಟ್ಟು ಕೆದಕದೆ ಹೀಯಾಳಿಸುವುದನ್ನಷ್ಟೇ ನಿಲ್ಲಿಸಿದರು. ಈಗ ನಿದ್ದೆ ಬರುತ್ತಿದೆ, ತಲೆನೋವು ಕಡಿಮೆಯಾಗಿದೆ. ತಾಯಿಗೆ ಎಲ್ಲವೂ ಅರ್ಥವಾಗಿದೆ ಎಂದಲ್ಲ. ಆದರೆ ಕಳೆದ ಬಾರಿ ಬಂದಾಗ ಆಕೆ ಮಾತ್ರೆ ಕೇಳಲಿಲ್ಲ. "ಅವ್ನ ಸ್ನೇಹಿತನೂ ಬಂದವ್ನೆ ಸಾ, ಆಚೆ ಕೂತವ್ನೆ" ಎಂದರು.