ನಿಂತಲ್ಲೇ ಓಡುವ ಕುದುರೆಗಳ ಊರು

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ರೈಲಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆ, ಥೇಮ್ಸ್ ದಂಡೆಯ ಕಿಂಗ್‌ಸ್ಟನ್. ಗಿಲ್ಡ್‌ಹಾಲ್ ಕಟ್ಟಡದ ಬಳಿ ಬೇಲಿ ಹಾಕಿಸಿಕೊಂಡು ಒರಟು ಬಂಡೆಯೊಂದು ಕೂತಿದೆ. ಸ್ಯಾಕ್ಸನ್ ದೊರೆಗಳಿಗೆ ಇದರ ಮೇಲೆ ಪಟ್ಟ ಕಟ್ಟುತ್ತಿದ್ದರೆಂದು ಪ್ರತೀತಿ. 1850ರಲ್ಲಿ ಅದಕ್ಕೆ ಪೀಠ ಕಟ್ಟಿ ಏಳು ದೊರೆಗಳ ಹೆಸರು ಕೆತ್ತಿದರು. ಅದರಲ್ಲಿದ್ದ ಎಡ್ವರ್ಡ್ ಎಂಬ ಹೆಸರಿನ ಹಳೆಯ ಕಾಗುಣಿತವನ್ನೇ ಈ ಊರಿನ ಎಡ್ವರ್ಡ್ ಮಗರಿಜ್ ಅಮೆರಿಕಕ್ಕೆ ಹೋದ ಮೇಲೆ ತನ್ನದಾಗಿಸಿಕೊಂಡ ಎನ್ನುತ್ತಾರೆ. ಲೋಕಕ್ಕೆ ಅವನು ಎಡ್ವರ್ಡ್ ಮೈಬ್ರಿಜ್, ಓಡುವ ಕುದುರೆಯನ್ನು ಮೊದಲು ಕ್ಯಾಮೆರಾಗಳ ಸಾಲಿನಲ್ಲಿ ಹಿಡಿದವನು. ಹೈಸ್ಟ್ರೀಟಿನಲ್ಲಿ ಅವನ ಬಾಲ್ಯದ ಮನೆಗೆ ಫಲಕವಿದೆ. ಅದನ್ನು ನೋಡಲು ಹೆಚ್ಚು ಹೊತ್ತು ಬೇಡ. ನೋಡಬೇಕಾದ್ದು ವೀಟ್‌ಫೀಲ್ಡ್ ವೇ ರಸ್ತೆಯ ಕಿಂಗ್‌ಸ್ಟನ್ ಮ್ಯೂಸಿಯಂ.

ಮೈಬ್ರಿಜ್ ಕೊನೆಗಾಲದಲ್ಲಿ ಊರಿಗೆ ಮರಳಿ 1904ರಲ್ಲಿ ಇಲ್ಲೇ ತೀರಿಕೊಂಡ. ತನ್ನ ಯಂತ್ರ, ಸ್ಲೈಡುಗಳು, ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಪುಸ್ತಕ ಎಲ್ಲವನ್ನೂ ಊರಿಗೇ ಬರೆದಿಟ್ಟ. ಆ ಯಂತ್ರದ ಹೆಸರು ಜೂಪ್ರಾಕ್ಸಿಸ್ಕೋಪ್: ದೀಪ, ಮಸೂರ, ತಿರುಗುವ ಗಾಜಿನ ತಟ್ಟೆ. ಅದರ ತಟ್ಟೆಗಳಲ್ಲಿ ಇಂದು ಉಳಿದಿರುವುದು ಗೊತ್ತಿರುವವು 71, ಅವುಗಳಲ್ಲಿ 67 ಈ ಸಂಗ್ರಹದಲ್ಲಿವೆ.

ತಟ್ಟೆಯ ಅಂಚಿನ ಸುತ್ತ ಬರೆದ ಕುದುರೆಗಳನ್ನು ನೋಡಿ. ಯಾರೋ ಮೂತಿ ಬಾಲ ಹಿಡಿದು ಎಳೆದಂತೆ ಉದ್ದುದ್ದ. ಬರೆದವರ ಕೈ ತಪ್ಪಿದ್ದಲ್ಲ. ಚಿತ್ರದ ತಟ್ಟೆ ಒಂದು ದಿಕ್ಕಿಗೆ ತಿರುಗಿದರೆ ಸೀಳುಗಳಿರುವ ಇನ್ನೊಂದು ತಟ್ಟೆ ಅದಕ್ಕೆ ಎದುರಾಗಿ ತಿರುಗುತ್ತದೆ. ಸೀಳು ಹಾಯುವಾಗ ಚಿತ್ರವೂ ಎದುರಿನಿಂದ ಓಡಿಬರುವುದರಿಂದ ಪರದೆಯ ಮೇಲಿನ ಬಿಂಬ ಅಡ್ಡಕ್ಕೆ ಕುಗ್ಗುತ್ತದೆ. ಕುಗ್ಗಿದ ಮೇಲೆ ಸರಿಯಾಗಿ ಕಾಣಲೆಂದು ಮೊದಲೇ ಹಿಗ್ಗಿಸಿ ಬರೆದದ್ದು. ಅಂದರೆ 1880ರಲ್ಲಿ ಈ ಯಂತ್ರದ ಪ್ರದರ್ಶನಕ್ಕೆ ಬಂದ ಸ್ಯಾನ್ ಫ್ರಾನ್ಸಿಸ್ಕೋದ ಜನ ಪರದೆಯ ಮೇಲೆ ಕಂಡದ್ದು ಫೋಟೋಗಳನ್ನಲ್ಲ, ಫೋಟೋ ನೋಡಿ ಕೈಯಿಂದ ಬರೆದ ಚಿತ್ರಗಳನ್ನು. ಮೈಬ್ರಿಜ್‌ನನ್ನು ಸಿನಿಮಾದ ತಾತ ಎಂದು ಕರೆಯುವ ರೂಢಿಯಿದೆ. ಈ ತಟ್ಟೆಗಳ ಮುಂದೆ ನಿಂತರೆ ಅವನು ಅದಕ್ಕಿಂತ ಹೆಚ್ಚಾಗಿ ಅನಿಮೇಷನ್ನಿನವನು ಎಂದೇ ನನಗನ್ನಿಸುತ್ತದೆ. ಕ್ಯಾಮೆರಾ ಕುದುರೆಯನ್ನು ನಿಲ್ಲಿಸಿತು, ಓಡಿಸಿದ್ದು ಕುಂಚ.

ನಿಲ್ಲಿಸಿದ ಕಥೆಯೂ ಸಣ್ಣದಲ್ಲ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ರೈಲ್ವೆ ಸಾಹುಕಾರ ಲೆಲ್ಯಾಂಡ್ ಸ್ಟ್ಯಾನ್‌ಫರ್ಡನ ಕುದುರೆ ಫಾರ್ಮು, 1878ರ ಜೂನ್. ಓಟದ ಹಾದಿಯ ಒಂದು ಬದಿಗೆ ಬಿಳಿಯ ಹಿನ್ನೆಲೆ, ಎದುರಿಗೆ 27 ಇಂಚಿಗೊಂದರಂತೆ ಕ್ಯಾಮೆರಾ, ಹಾದಿಗೆ ಅಡ್ಡವಾಗಿ ದಾರಗಳು. ಸ್ಯಾಲಿ ಗಾರ್ಡ್ನರ್ ಎಂಬ ಹೆಣ್ಣು ಕುದುರೆ ನಾಗಾಲೋಟದಲ್ಲಿ ದಾರ ಹರಿಯುತ್ತ ಹೋದಂತೆ ಒಂದೊಂದೇ ಷಟರ್ ಬಿತ್ತು. ಚಿತ್ರದಿಂದ ಚಿತ್ರಕ್ಕೆ ಸೆಕೆಂಡಿನ ಸುಮಾರು 25ನೇ ಒಂದು ಭಾಗ. ಷಟರ್ ತೆರೆದಿದ್ದದ್ದು ಅದಕ್ಕಿಂತಲೂ ಕಡಿಮೆ ಹೊತ್ತು, ಆ ಕಾಲದ ಪ್ಲೇಟುಗಳಿಗೆ ಅಷ್ಟರ ಬೆಳಕು ಸಾಲದ್ದರಿಂದ ಮೂಡಿದ್ದು ಬಹುಮಟ್ಟಿಗೆ ಕರಿಯ ಆಕೃತಿಗಳಷ್ಟೇ. ನಾಲ್ಕೂ ಗೊರಸು ನೆಲ ಬಿಟ್ಟಿರುವುದು ಮಾತ್ರ ಸ್ಪಷ್ಟ. ಅದೂ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ.

ಈ ಕರಿಯ ಆಕೃತಿಗಳೇ ಅನಿಮೇಷನ್ ಕಲಿಯುವವರಿಗೆ ವರ. ಸ್ನಾಯು, ಕೂದಲುಗಳ ಗೋಜಿಲ್ಲ, ಅಂಚು ಹಿಡಿದರೆ ಸಾಕು. ಚಿತ್ರಗಳು ಹಕ್ಕುಸ್ವಾಮ್ಯ ದಾಟಿ ಬಹುಕಾಲವಾಯಿತು. ಸ್ಯಾಲಿಯ ಚಿತ್ರಗಳೆಲ್ಲ ಒಟ್ಟಿಗಿರುವ ಹಾಳೆಯನ್ನು ಮುದ್ರಿಸಿಕೊಂಡು, ಟ್ರೇಸಿಂಗ್ ಪೇಪರ್ ಇಟ್ಟು ಒಂದೊಂದನ್ನೇ ಎತ್ತಿಕೊಳ್ಳಿ. ಹಾಳೆಯಲ್ಲಿ 12 ಚೌಕಗಳಿದ್ದರೂ ಕೊನೆಯದರಲ್ಲಿ ಕುದುರೆ ಸುಮ್ಮನೆ ನಿಂತಿದೆ. ಅದನ್ನೂ ಸೇರಿಸಿದರೆ ಪ್ರತಿ ಸುತ್ತಿಗೊಮ್ಮೆ ಕುದುರೆ ಮುಗ್ಗರಿಸುತ್ತದೆ, ಆದ್ದರಿಂದ ಬಿಡಿ. ಉಳಿದ 11ರಲ್ಲಿ ಸವಾರನ ಸೊಂಟ ಮತ್ತು ನೆಲದ ಗೆರೆ ಒಂದೇ ಜಾಗಕ್ಕೆ ಬರುವಂತೆ ಹೊಂದಿಸಿ. ಇಡೀ ಕೆಲಸದಲ್ಲಿ ಸಹನೆ ಬೇಡುವುದು ಇದೊಂದೇ. ಸೊಂಟ ಕೂದಲೆಳೆಯಷ್ಟು ಅಲುಗಿದರೂ ಕಣ್ಣು ಕಾಲುಗಳನ್ನು ಬಿಟ್ಟು ಆ ನಡುಕದ ಹಿಂದೆ ಹೋಗುತ್ತದೆ.

ಫೋನಿನಲ್ಲಿ ಜೋಡಿಸುವುದಾದರೆ ಪ್ರತಿ ಚಿತ್ರಕ್ಕೂ ಸೆಕೆಂಡಿನ 25ನೇ ಒಂದು ಭಾಗ ಕೊಡಿ, ಆಗ ಸ್ಯಾಲಿ ಹೆಚ್ಚುಕಡಿಮೆ ಅಂದಿನ ವೇಗದಲ್ಲೇ ಓಡುತ್ತಾಳೆ. ಸಮಯವನ್ನು ಎರಡರಷ್ಟು ಮಾಡಿದರೆ ಗೊರಸುಗಳ ಸರದಿ ಬಿಡಿಬಿಡಿಯಾಗಿ ಕಾಣುತ್ತದೆ. ನನಗೆ ಇಷ್ಟವಾದದ್ದು ಈ ನಿಧಾನದ ಓಟವೇ.

ಫೋನ್ ಬೇಡವೆಂದರೆ ಬೆಲ್ಜಿಯಂನ ಜೋಸೆಫ್ ಪ್ಲಾಟೋ 1832ರಲ್ಲಿ ಕಂಡುಕೊಂಡ ದಾರಿಯಿದೆ. ಗಟ್ಟಿ ರಟ್ಟನ್ನು ದುಂಡಗೆ ಕತ್ತರಿಸಿ, ಅಂಚಿನಲ್ಲಿ ಸಮ ಅಂತರಕ್ಕೆ 11 ಕಿರಿದಾದ ಸೀಳು ಕೊಯ್ದು, ಅವುಗಳ ಕೆಳಗೆ ಒಂದೊಂದು ಕುದುರೆ ಅಂಟಿಸಿ. ಹಿಂಬದಿಗೆ ಕಪ್ಪು ಬಳಿಯಿರಿ. ನಡುವೆ ಗುಂಡುಸೂಜಿ ಚುಚ್ಚಿ ಪೆನ್ಸಿಲ್ಲಿನ ರಬ್ಬರ್ ತುದಿಗೆ ಸಿಕ್ಕಿಸಿ. ಚಿತ್ರಗಳು ಕನ್ನಡಿಗೆ ಮುಖ ಮಾಡಿರಲಿ, ನೀವು ಕಪ್ಪು ಬದಿಯಿಂದ ಸೀಳಿಗೆ ಕಣ್ಣಿಟ್ಟು ತಟ್ಟೆ ತಿರುಗಿಸಿ. ಕುದುರೆ ನಿಂತಲ್ಲೇ ಓಡುತ್ತದೆ. ನಿಂತಲ್ಲಿಂದ ಕದಲಬೇಕೆಂದರೆ ಇನ್ನೊಂದು ರಟ್ಟು ತೆಗೆದುಕೊಂಡು ಅದೇ 11 ಚಿತ್ರಗಳಿಗೆ 12 ಸೀಳು ಕೊಯ್ಯಿರಿ. ಲೆಕ್ಕದಲ್ಲಿ ಆ ಒಂದು ವ್ಯತ್ಯಾಸ ಸಾಕು, ಕುದುರೆಗಳು ತಟ್ಟೆಯ ಸುತ್ತ ಸರಿಯತೊಡಗುತ್ತವೆ. ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಜಾರಿದರೆ ಸೀಳುಗಳನ್ನು 10ಕ್ಕೆ ಇಳಿಸಿ ನೋಡಿ.